ಚಾಕಣದ ಕೋಟೆಯಿಂದ ಕೆಂಪು ಸಮುದ್ರದವರೆಗೆ: ಶಿಯಾ ಸಶಸ್ತ್ರ ಪಡೆಗಳು ಮತ್ತು ಎರಡನೆಯ ಸೈನ್ಯದ ಬೆಲೆ

ಪುಣೆ–ನಾಶಿಕ್ ಹೆದ್ದಾರಿಯಲ್ಲಿ ನಗರದಿಂದ ಸುಮಾರು 30 ಕಿಲೋಮೀಟರ್ ಸಾಗಿದರೆ ಚಾಕಣ್ ಸಿಗುತ್ತದೆ. ಅಲ್ಲಿಯ ಮೋಟಾರು ಕಾರ್ಖಾನೆಗಳಲ್ಲಿ ದುಡಿಯುವ ಮಗನೋ ಅಳಿಯನೋ ಇರುವ ಕನ್ನಡ ಕುಟುಂಬಗಳು ಪುಣೆಯಲ್ಲಿ ಕಡಿಮೆಯೇನಲ್ಲ. ಅಲ್ಲಿ ಸಿದ್ಧವಾದ ವಾಹನಗಳೂ ಬಿಡಿಭಾಗಗಳೂ ಘಾಟ್ ಇಳಿದು, ಬಂದರು ಸೇರಿ, ಹಡಗು ಹತ್ತಿ ಪರದೇಶಗಳಿಗೆ ಹೋಗುತ್ತವೆ. 2023ರ ನವೆಂಬರ್ 19ರಂದು ಯೆಮನ್ ದೇಶದ ಹೂತಿ ಪಡೆಯವರು ಕೆಂಪು ಸಮುದ್ರದಲ್ಲಿ ‘ಗ್ಯಾಲಕ್ಸಿ ಲೀಡರ್’ ಎಂಬ ಹಡಗನ್ನು ವಶಪಡಿಸಿಕೊಂಡರು. ಅದು ಮೋಟಾರು ವಾಹನಗಳನ್ನು ಸಾಗಿಸುವ ಹಡಗು. ತುರ್ಕಿಯಿಂದ ಭಾರತದತ್ತ ಬರುತ್ತಿತ್ತು. ಅನಂತರದ ತಿಂಗಳುಗಳಲ್ಲಿ ಹಡಗುಗಳ ಮೇಲೆ ಕ್ಷಿಪಣಿಗಳ ದಾಳಿ ಹೆಚ್ಚಿತು. ದೊಡ್ಡ ದೊಡ್ಡ ಹಡಗು ಕಂಪನಿಗಳು ಸೂಯೆಜ್ ಕಾಲುವೆಯ ಮಾರ್ಗವನ್ನು ತೊರೆದು ಆಫ್ರಿಕಾ ಖಂಡವನ್ನೇ ಬಳಸಿಕೊಂಡು ಹೋಗತೊಡಗಿದವು. ಯುರೋಪಿನ ಪ್ರಯಾಣಕ್ಕೆ ಹತ್ತು ದಿನಗಳಿಂದ ಎರಡು ವಾರಗಳಷ್ಟು ಹೆಚ್ಚು ಕಾಲ ಹಿಡಿಯಿತು. ಸಾಗಣೆಯ ಬಾಡಿಗೆಯೂ ವಿಮೆಯ ದರವೂ ಏರಿದವು.

ಯೆಮನ್ನಿನ ಬೆಟ್ಟಗಳಲ್ಲಿ ಹುಟ್ಟಿದ ಒಂದು ಪಡೆ ನಮ್ಮ ಅಂಗಳದ ಸರಕನ್ನು ತಡೆಯುವಷ್ಟು ಬಲಗೊಂಡದ್ದು ಹೇಗೆ? ಲೆಬನಾನ್, ಇರಾಕ್, ಸಿರಿಯಾ, ಯೆಮನ್ ದೇಶಗಳ ಅಂತರ್ಯುದ್ಧಗಳಲ್ಲಿ ಶಿಯಾ ಸಶಸ್ತ್ರ ಪಡೆಗಳ ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ. ಇದಕ್ಕೆ ಪತ್ರಿಕೆಗಳು ಸಾಮಾನ್ಯವಾಗಿ ನೀಡುವ ಕಾರಣ ಒಂದೇ: ಶಿಯಾ ಮತ್ತು ಸುನ್ನಿ ಪಂಥಗಳ ನಡುವಣ ಸಾವಿರದ ನಾನೂರು ವರ್ಷಗಳ ಹಗೆತನ. ಈ ಉತ್ತರ ಸುಲಭವಾದುದು, ಆದರೆ ಸಾಲದು. ಇದೇ ಚಾಕಣದ ಹಳೆಯ ಕೋಟೆಯಲ್ಲಿ ಸುಮಾರು 580 ವರ್ಷಗಳ ಹಿಂದೆ ನಡೆದ ಒಂದು ಘಟನೆ ಈ ಪ್ರಶ್ನೆಗೆ ಇನ್ನೊಂದು ಉತ್ತರವನ್ನು ಕೊಡುತ್ತದೆ. ಅದಕ್ಕೆ ಬರುವ ಮುನ್ನ ಇಂದಿನ ಪಡೆಗಳ ಹುಟ್ಟು ಬೆಳವಣಿಗೆಗಳನ್ನು ನೋಡುವುದು ಅವಶ್ಯ.

ಒಂದೇ ಹೆಸರು, ಹಲವು ಜನ

ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರು ಮಡಿದ ನೆನಪೇ ಶಿಯಾ ಪಂಥದ ಹೃದಯ. ವಿಜಾಪುರ, ಧಾರವಾಡ, ಕಲಬುರ್ಗಿ, ರಾಯಚೂರು ಸೀಮೆಗಳಿಂದ ಬಂದ ನಮ್ಮ ಓದುಗರಿಗೆ ಈ ಕಥೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಅಲಾಯಿ ಕುಣಿ, ಪಂಜಾ, ಡೋಲಿ, ರಿವಾಯತ್ ಪದಗಳನ್ನು ಅವರು ಬಾಲ್ಯದಲ್ಲಿಯೇ ಕಂಡು ಕೇಳಿದ್ದಾರೆ. ಮುಸಲ್ಮಾನರ ಮನೆಯೊಂದೂ ಇಲ್ಲದ ಊರುಗಳಲ್ಲಿಯೂ ಮೊಹರಂ ನಡೆಯುವುದು ನಮ್ಮ ನಾಡಿನ ವೈಶಿಷ್ಟ್ಯ.

ಆದರೆ ಶಿಯಾ ಎಂಬ ಒಂದು ಹೆಸರಿನಡಿಯಲ್ಲಿ ಹಲವು ಪಂಗಡಗಳಿವೆ. ಇರಾನ್, ಇರಾಕ್, ಲೆಬನಾನ್‌ಗಳ ಶಿಯಾಗಳಲ್ಲಿ ಬಹುಪಾಲು ಜನ ಹನ್ನೆರಡು ಇಮಾಮರನ್ನು ಒಪ್ಪುವವರು. ಯೆಮನ್ನಿನ ಹೂತಿಗಳು ಜೈದಿ ಪಂಗಡದವರು. ಅವರ ಧರ್ಮಶಾಸ್ತ್ರ ಅನೇಕ ವಿಷಯಗಳಲ್ಲಿ ಸುನ್ನಿಗಳಿಗೆ ಹತ್ತಿರವಾದುದು. ಸಿರಿಯಾದ ಅಸದ್ ಮನೆತನದ ಅಲವಿ ಪಂಗಡವನ್ನು ಶಿಯಾ ಎಂದು ಕರೆಯಬಹುದೇ ಎಂಬುದರ ಬಗ್ಗೆ ಪಂಡಿತರಲ್ಲಿ ಬಹುಕಾಲ ಭಿನ್ನಾಭಿಪ್ರಾಯವಿತ್ತು. ಇವರೆಲ್ಲರನ್ನೂ ಒಂದೇ ಸೂತ್ರಕ್ಕೆ ಪೋಣಿಸಿದ್ದು ಪಂಥಕ್ಕಿಂತ ಮಿಗಿಲಾಗಿ ರಾಜಕಾರಣ.

ಲೆಬನಾನ್: ಉಳಿದುಹೋದ ಆಯುಧ

1943ರ ರಾಷ್ಟ್ರೀಯ ಒಪ್ಪಂದದಂತೆ ಲೆಬನಾನಿನಲ್ಲಿ ಅಧ್ಯಕ್ಷ ಪದವಿ ಮರೋನೈಟ್ ಕ್ರೈಸ್ತರಿಗೆ, ಪ್ರಧಾನಿ ಪದವಿ ಸುನ್ನಿಗಳಿಗೆ, ಸಂಸತ್ತಿನ ಸಭಾಪತಿ ಸ್ಥಾನ ಶಿಯಾಗಳಿಗೆ ಎಂದಾಯಿತು. ಈ ಹಂಚಿಕೆಗೆ ಆಧಾರ 1932ರ ಜನಗಣತಿ. ಅಲ್ಲಿಂದ ಮುಂದೆ ಆ ದೇಶದಲ್ಲಿ ಅಧಿಕೃತ ಜನಗಣತಿಯೇ ನಡೆಯಲಿಲ್ಲ. ದಕ್ಷಿಣದ ಶಿಯಾ ರೈತರು ನಮ್ಮ ನಿಪ್ಪಾಣಿಯ ಸುತ್ತಿನವರಂತೆ ತಂಬಾಕು ಬೆಳೆದು ಬದುಕುವವರು. ಶಾಲೆ, ಆಸ್ಪತ್ರೆ, ರಸ್ತೆ ಯಾವುದೂ ಅವರ ಪಾಲಿಗೆ ಸರಿಯಾಗಿ ಬರಲಿಲ್ಲ. ಈ ಉಪೇಕ್ಷಿತರನ್ನು ಸಂಘಟಿಸಿದವರು ಇಮಾಮ್ ಮೂಸಾ ಸದ್ರ್. ಅವರ ಚಳವಳಿಯಿಂದಲೇ ‘ಅಮಲ್’ ಎಂಬ ಪಡೆ ಹುಟ್ಟಿತು. 1975ರಲ್ಲಿ ಅಂತರ್ಯುದ್ಧ ಆರಂಭವಾಯಿತು. 1978ರಲ್ಲಿ ಸದ್ರ್ ಲಿಬಿಯಾ ಪ್ರವಾಸದಲ್ಲಿ ಕಣ್ಮರೆಯಾದರು.

1982ರಲ್ಲಿ ಇಸ್ರೇಲ್ ಲೆಬನಾನಿನ ಮೇಲೆ ದಂಡೆತ್ತಿತು. ಆಗ ಇರಾನಿನ ಕ್ರಾಂತಿಕಾರಿ ರಕ್ಷಕ ದಳದವರು ಬೆಕಾ ಕಣಿವೆಗೆ ಬಂದು ಯುವಕರಿಗೆ ತರಬೇತಿ ಕೊಟ್ಟರು. ಹಿಜ್ಬುಲ್ಲಾ ಹುಟ್ಟಿದ್ದು ಹೀಗೆ. 1985ರಲ್ಲಿ ಅದು ತನ್ನ ಅಸ್ತಿತ್ವವನ್ನು ಬಹಿರಂಗವಾಗಿ ಸಾರಿತು. ಓದುಗರು ಗಮನಿಸಬೇಕಾದ ಸಂಗತಿಯೊಂದಿದೆ. 1988ರಿಂದ 1990ರವರೆಗೆ ಹಿಜ್ಬುಲ್ಲಾ ಮತ್ತು ಅಮಲ್ ಪರಸ್ಪರ ಕಾದಾಡಿದವು. ಎರಡೂ ಶಿಯಾ ಪಡೆಗಳೇ. ಸತ್ತವರೂ ಬಹುಪಾಲು ಶಿಯಾಗಳೇ.

1989ರ ತಾಯಿಫ್ ಒಪ್ಪಂದದ ಬಳಿಕ ಉಳಿದ ಖಾಸಗಿ ಪಡೆಗಳು ಆಯುಧ ಒಪ್ಪಿಸಿದವು. ಆಕ್ರಮಣದ ವಿರುದ್ಧ ಹೋರಾಡುವ ಪಡೆ ಎಂಬ ನೆಲೆಯಲ್ಲಿ ಹಿಜ್ಬುಲ್ಲಾ ಒಪ್ಪಿಸಲಿಲ್ಲ. 2000ದ ಮೇ ತಿಂಗಳಲ್ಲಿ ಇಸ್ರೇಲ್ ದಕ್ಷಿಣ ಲೆಬನಾನಿನಿಂದ ಹಿಂದೆ ಸರಿಯಿತು. ಆಯುಧ ಮಾತ್ರ ಉಳಿಯಿತು. ಒಂದು ಕಾರಣಕ್ಕೆ ಎತ್ತಿದ ಕೋವಿ ಮತ್ತೊಂದು ಕಾರಣವನ್ನು ಹುಡುಕಿಕೊಂಡಿತು. 2013ರಲ್ಲಿ ಅದೇ ಪಡೆ ಸಿರಿಯಾದ ಕುಸೈರ್ ಪಟ್ಟಣದಲ್ಲಿ ಅಸದ್ ಸರ್ಕಾರದ ಪರವಾಗಿ ಬಹಿರಂಗವಾಗಿ ಕಾದಾಡಿತು. 2024ರ ಸೆಪ್ಟೆಂಬರ್ 27ರಂದು ಅದರ ನಾಯಕ ಹಸನ್ ನಸ್ರಲ್ಲಾ ಇಸ್ರೇಲಿ ದಾಳಿಯಲ್ಲಿ ಹತರಾದರು; ದಕ್ಷಿಣದ ಶಿಯಾ ಹಳ್ಳಿಗಳು ನೆಲಸಮವಾದವು. 2025ರ ಆಗಸ್ಟ್‌ನಲ್ಲಿ ಲೆಬನಾನಿನ ಮಂತ್ರಿಮಂಡಲ, ದೇಶದಲ್ಲಿ ಆಯುಧ ಸರ್ಕಾರದ ಕೈಯಲ್ಲಿ ಮಾತ್ರ ಇರಬೇಕೆಂದು ತೀರ್ಮಾನಿಸಿ, ಅದಕ್ಕೆ ಯೋಜನೆ ರಚಿಸುವಂತೆ ಸೈನ್ಯಕ್ಕೆ ಸೂಚಿಸಿತು. 1989ರಲ್ಲಿ ಪೂರ್ತಿಯಾಗದೆ ಉಳಿದ ಕೆಲಸ 36 ವರ್ಷಗಳ ಬಳಿಕ ಮತ್ತೆ ಮೊದಲಿನಿಂದ ಆರಂಭವಾಯಿತು.

ಇರಾಕ್: ಭಯ ಸುಳ್ಳಲ್ಲ

1980ರಿಂದ 1988ರವರೆಗಿನ ಇರಾನ್–ಇರಾಕ್ ಯುದ್ಧದಲ್ಲಿ ಸದ್ದಾಂ ಹುಸೇನನ ಕಾಲಾಳುಗಳಲ್ಲಿ ಬಹುಸಂಖ್ಯಾತರು ಇರಾಕಿ ಶಿಯಾಗಳೇ ಆಗಿದ್ದರು. ಅವರು ಎಂಟು ವರ್ಷ ಶಿಯಾ ಇರಾನಿನ ವಿರುದ್ಧ ಹೋರಾಡಿದರು. ಪಂಥವೇ ಎಲ್ಲವನ್ನೂ ನಿರ್ಧರಿಸುವುದಾದರೆ ಇದು ನಡೆಯಬಾರದಿತ್ತು. ಅದೇ ಕಾಲದಲ್ಲಿ ಇರಾನಿಗೆ ಓಡಿಹೋಗಿದ್ದ ಇರಾಕಿಗಳಿಂದ ‘ಬದ್ರ್’ ಎಂಬ ಪಡೆಯೂ ಕಟ್ಟಲ್ಪಟ್ಟಿತು.

2003ರಲ್ಲಿ ಅಮೆರಿಕ ಇರಾಕನ್ನು ಆಕ್ರಮಿಸಿ, ಮೇ ತಿಂಗಳಲ್ಲಿ ಅದರ ಸೈನ್ಯವನ್ನೇ ವಿಸರ್ಜಿಸಿತು. ಲಕ್ಷಾಂತರ ಸೈನಿಕರು ಒಂದೇ ಆಜ್ಞೆಯಿಂದ ನಿರುದ್ಯೋಗಿಗಳಾದರು, ಬೀದಿಯನ್ನು ಕಾಯುವವರಿಲ್ಲದಾಯಿತು. ಬದ್ರ್ ಪಡೆ ಮರಳಿತು. ಮುಕ್ತದಾ ಸದ್ರ್ ‘ಮೆಹದಿ ಸೇನೆ’ಯನ್ನು ಕಟ್ಟಿದರು. 2006ರ ಫೆಬ್ರವರಿ 22ರಂದು ಸಮರ್ರಾದ ಅಸ್ಕರಿ ಮಸೀದಿಯ ಚಿನ್ನದ ಗುಮ್ಮಟವನ್ನು ಸ್ಫೋಟಿಸಲಾಯಿತು. ಅನಂತರ ಬಾಗ್ದಾದಿನ ಬಡಾವಣೆಗಳು ರಕ್ತದಿಂದ ವಿಂಗಡಣೆಯಾದವು. ಗುರುತಿನ ಚೀಟಿಯ ಮೇಲಿನ ಹೆಸರು ಉಮರ್ ಎಂದಿದ್ದರೆ ಒಂದು ಕಡೆ, ಅಲಿ ಎಂದಿದ್ದರೆ ಇನ್ನೊಂದು ಕಡೆ ಸಾವು ಎಂಬಂತಾಯಿತು.

2014ರ ಜೂನ್‌ನಲ್ಲಿ ಐಸಿಸ್ ಮೋಸುಲ್ ನಗರವನ್ನು ಹಿಡಿದಾಗ ಸರ್ಕಾರಿ ಸೈನ್ಯ ಚದುರಿಹೋಯಿತು. ತಿಕ್ರಿತ್ ಬಳಿ ಶಿಯಾ ಸೈನಿಕಶಿಕ್ಷಣಾರ್ಥಿಗಳನ್ನು ಸಾಲುಸಾಲಾಗಿ ಕೊಂದರು. ನಮ್ಮ ದೇಶದ 39 ಕಾರ್ಮಿಕರು ಮೋಸುಲಿನಲ್ಲಿ ಅಪಹೃತರಾಗಿ ಹತರಾದ ದುರಂತವೂ ಅದೇ ಕಾಲದ್ದು. ಜೂನ್ 13ರಂದು ನಜಫ್ ನಗರದ ಹಿರಿಯ ಧರ್ಮಗುರು ಅಯತೊಲ್ಲಾ ಸಿಸ್ತಾನಿಯವರು ದೇಶರಕ್ಷಣೆಗೆ ಬರಬೇಕೆಂದು ಕರೆಯಿತ್ತರು. ಸರ್ಕಾರಿ ಭದ್ರತಾ ಪಡೆಗಳನ್ನು ಸೇರಿರೆಂಬುದು ಆ ಕರೆಯ ಮಾತು. ಆದರೆ ಬಂದ ಯುವಕರಲ್ಲಿ ಬಹುಪಾಲು ಜನ ಸೇರಿದ್ದು ಖಾಸಗಿ ಪಡೆಗಳನ್ನು. ಅವುಗಳ ಒಕ್ಕೂಟವೇ ‘ಹಶದ್ ಅಲ್ ಶಾಬಿ’. ಬಾಗ್ದಾದ್ ಬೀಳದೆ ಉಳಿದುದರಲ್ಲಿ ಇವರ ಪಾಲಿದೆ. ಇದನ್ನು ಮರೆಮಾಚಿ ಬರೆಯುವುದು ನ್ಯಾಯವಲ್ಲ.

ಆದರೆ ಮುಂದಿನ ಕಥೆಯೂ ಅಷ್ಟೇ ಸತ್ಯ. ಸುನ್ನಿ ಪಟ್ಟಣಗಳನ್ನು ಐಸಿಸ್‌ನಿಂದ ಬಿಡಿಸಿದ ಪಡೆಗಳಲ್ಲಿ ಕೆಲವು ಅಲ್ಲಿಯ ನಿರಪರಾಧಿಗಳ ಮೇಲೆ ಸೇಡು ತೀರಿಸಿಕೊಂಡವು. 2016ರ ಕಾನೂನು ಹಶದ್‌ಗೆ ಸರ್ಕಾರಿ ಮಾನ್ಯತೆ ನೀಡಿತು. ವೇತನ ಸರ್ಕಾರದ್ದಾಯಿತು, ನಿಷ್ಠೆ ಮಾತ್ರ ಆಯಾ ಪಡೆಯ ನಾಯಕನಿಗೇ ಉಳಿಯಿತು. 2019ರ ಅಕ್ಟೋಬರ್‌ನಲ್ಲಿ ಬಾಗ್ದಾದ್, ನಾಸಿರಿಯಾ, ಕರ್ಬಲಾಗಳ ಯುವಕರು ಉದ್ಯೋಗ ಮತ್ತು ವಿದ್ಯುತ್ತನ್ನು ಕೇಳಿ, ಭ್ರಷ್ಟಾಚಾರವನ್ನು ಖಂಡಿಸಿ ಬೀದಿಗಿಳಿದರು. ಅವರಲ್ಲಿ ಬಹುಪಾಲು ಶಿಯಾಗಳು. ನಜಫಿನಲ್ಲಿ ಇರಾನಿನ ಕಾನ್ಸುಲೇಟ್ ಕಚೇರಿಗೇ ಬೆಂಕಿ ಬಿತ್ತು. ಗುಂಡೇಟಿಗೆ ನೂರಾರು ಜನ ಬಲಿಯಾದರು. ಗುಂಡು ಹಾರಿಸಿದವರಲ್ಲಿ ಈ ಪಡೆಗಳ ಜನರೂ ಇದ್ದರೆಂಬುದು ಚಳವಳಿಗಾರರ ಆರೋಪ. ಶಿಯಾಗಳ ರಕ್ಷಣೆಗೆಂದು ಹುಟ್ಟಿದ ಕೋವಿ ಶಿಯಾ ತರುಣರತ್ತಲೇ ತಿರುಗಿತ್ತು.

ಸಿರಿಯಾ ಮತ್ತು ಯೆಮನ್: ವೇತನ ಮತ್ತು ಒಡೆಯ

ಸಿರಿಯಾದ ಅಂತರ್ಯುದ್ಧದಲ್ಲಿ ‘ಫಾತಿಮಿಯೂನ್’ ಎಂಬ ಪಡೆ ಇತ್ತು. ಅದರ ಸೈನಿಕರು ಇರಾನಿನಲ್ಲಿ ಕೂಲಿನಾಲಿ ಮಾಡಿಕೊಂಡಿದ್ದ ಆಫ್ಘನ್ ಹಜಾರಾ ನಿರಾಶ್ರಿತರು. ದಮಾಸ್ಕಸ್ ಬಳಿಯ ಸೈಯದಾ ಜೈನಬ್ ದರ್ಗಾದ ರಕ್ಷಣೆ ಎಂಬುದು ಧ್ವಜದ ಮೇಲಿನ ಮಾತು. ಅದರ ಹಿಂದೆ ತಿಂಗಳ ಸಂಬಳವೂ ಇರಾನಿನಲ್ಲಿ ನೆಲಸಲು ಪರವಾನಗಿ ದೊರೆಯುವ ಆಶ್ವಾಸನೆಯೂ ಇದ್ದವು. ಪಾಕಿಸ್ತಾನದ ಶಿಯಾಗಳಿಂದ ಕೂಡಿದ ‘ಜೈನಬಿಯೂನ್’ ಪಡೆಯೂ ಹೀಗೆಯೇ ರಚಿತವಾಯಿತು. ಕಾಗದಪತ್ರವಿಲ್ಲದ ಬಡವನ ಮಗ ತನ್ನದಲ್ಲದ ಊರಿನಲ್ಲಿ ಸತ್ತ. 2024ರ ಡಿಸೆಂಬರ್ 8ರಂದು ಅಸದ್ ದೇಶ ಬಿಟ್ಟು ಪಲಾಯನ ಮಾಡಿದಾಗ ಅಷ್ಟು ಪ್ರಾಣಗಳನ್ನು ತೆತ್ತು ಉಳಿಸಿದ್ದ ಆಳ್ವಿಕೆ ಕೆಲವೇ ದಿನಗಳಲ್ಲಿ ಕುಸಿದುಬಿತ್ತು.

ಯೆಮನ್ನಿನ ಉತ್ತರದಲ್ಲಿ ಜೈದಿ ಇಮಾಮರ ಆಳ್ವಿಕೆ 1962ರಲ್ಲಿ ಕೊನೆಗೊಂಡಿತು. ಅನಂತರ ಸಾದಾ ಪ್ರಾಂತ ಉಪೇಕ್ಷೆಗೆ ಒಳಗಾಯಿತು. 2004ರಿಂದ 2010ರವರೆಗೆ ಅಧ್ಯಕ್ಷ ಅಲಿ ಅಬ್ದುಲ್ಲಾ ಸಾಲೇಹ್ ಹೂತಿಗಳ ಮೇಲೆ ಆರು ಬಾರಿ ಯುದ್ಧ ಮಾಡಿದರು. ಸಾಲೇಹ್ ಕೂಡ ಹುಟ್ಟಿನಿಂದ ಜೈದಿಯೇ! ಅಧಿಕಾರ ಕಳೆದುಕೊಂಡ ಬಳಿಕ ಅದೇ ಸಾಲೇಹ್ ಅದೇ ಹೂತಿಗಳೊಡನೆ ಕೈಜೋಡಿಸಿದರು. 2014ರ ಸೆಪ್ಟೆಂಬರ್‌ನಲ್ಲಿ ರಾಜಧಾನಿ ಸನಾ ಹೂತಿಗಳ ವಶವಾಯಿತು. 2015ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾ ವಾಯುದಾಳಿ ಆರಂಭಿಸಿತು. 2017ರ ಡಿಸೆಂಬರ್‌ನಲ್ಲಿ ಮೈತ್ರಿ ಮುರಿದು ಸಾಲೇಹ್ ಹೂತಿಗಳ ಕೈಯಿಂದಲೇ ಹತರಾದರು. ಇಲ್ಲಿ ಪಂಥದ ಹಗೆ ಎಲ್ಲಿದೆ? ಅಧಿಕಾರದ ಲೆಕ್ಕಾಚಾರವೇ ಎದ್ದು ಕಾಣುತ್ತದೆ.

ಚಾಕಣದಲ್ಲಿ ಏನು ನಡೆಯಿತು?

ಈಗ ನಮ್ಮ ಚಾಕಣಕ್ಕೆ ಹಿಂದಿರುಗೋಣ. ಮರಾಠಿ ಶಾಲೆಗಳಲ್ಲಿ ಓದಿದ ನಮ್ಮ ಮಕ್ಕಳಿಗೆ ಈ ಕೋಟೆ 1660ರಲ್ಲಿ ಶಾಯಿಸ್ತಾ ಖಾನನ ವಿರುದ್ಧ ಫಿರಂಗೋಜಿ ನರಸಾಳಾ ಹೋರಾಡಿದ ಸಂಗ್ರಾಮದುರ್ಗವೆಂದು ಗೊತ್ತು. ಅದಕ್ಕೂ ಎರಡು ಶತಮಾನಗಳ ಹಿಂದೆ ಅದು ಬೀದರಿನ ಬಹಮನಿ ಸುಲ್ತಾನರ ಅಧೀನದಲ್ಲಿತ್ತು.

ಬಹಮನಿ ರಾಜ್ಯದಲ್ಲಿ ಎರಡು ಸಶಸ್ತ್ರ ಬಣಗಳಿದ್ದವು. ಉತ್ತರದಿಂದ ಬಂದು ನೆಲಸಿದವರೂ ಸ್ಥಳೀಯರೂ ಸೇರಿದ ‘ದಖನಿ’ಗಳದು ಒಂದು ಬಣ, ಹಬಶಿಗಳು ಬಹುಮಟ್ಟಿಗೆ ಇವರ ಕಡೆ. ಇರಾನ್, ಇರಾಕ್, ಮಧ್ಯ ಏಷ್ಯಾಗಳಿಂದ ಸಮುದ್ರ ದಾಟಿ ಬಂದ ‘ಅಫಾಕಿ’ಗಳದು ಇನ್ನೊಂದು. ದಖನಿಗಳಲ್ಲಿ ಸುನ್ನಿಗಳು ಹೆಚ್ಚು, ಅಫಾಕಿಗಳಲ್ಲಿ ಶಿಯಾಗಳು ಹೆಚ್ಚು. ಆದರೆ ಜಗಳದ ಮೂಲ ಪಂಥಕ್ಕಿಂತ ಹೆಚ್ಚಾಗಿ ಪದವಿ, ಜಹಗೀರು ಮತ್ತು ದರ್ಬಾರಿನ ಸ್ಥಾನಮಾನ. ಸುಲ್ತಾನ ಅಹಮದ್ ಶಹಾ ವಲಿ, ಬಸ್ರಾ ಮೂಲದ ಖಲಫ್ ಹಸನನಿಗೆ ‘ಮಲಿಕ್-ಉತ್-ತುಜ್ಜಾರ್’ ಎಂಬ ಬಿರುದಿತ್ತು ಮೇಲಕ್ಕೇರಿಸಿದ. ಹಳೆಯ ಸರದಾರರ ಬಲವನ್ನು ಹೊಸಬರಿಂದ ತೂಗಿಸುವುದು ಅವನ ಉದ್ದೇಶ.

1446ರ ಸುಮಾರಿಗೆ, ಎರಡನೆಯ ಅಲಾಉದ್ದೀನ್ ಅಹಮದನ ಕಾಲದಲ್ಲಿ, ಈ ಖಲಫ್ ಹಸನ್ ಕೊಂಕಣದ ದಂಡಯಾತ್ರೆಗೆ ಹೊರಟ. ಸಹ್ಯಾದ್ರಿಯ ದಟ್ಟ ಕಾಡಿನಲ್ಲಿ ಶಿರ್ಕೆ ನಾಯಕನ ತಂತ್ರಕ್ಕೆ ಸಿಲುಕಿ ಮಡಿದ. ಬದುಕಿ ಉಳಿದ ಅಫಾಕಿಗಳು ಚಾಕಣದ ಕೋಟೆ ಸೇರಿದರು. ಇವರು ಶತ್ರುವಿನೊಡನೆ ಸೇರಿ ದ್ರೋಹ ಬಗೆಯಲಿದ್ದಾರೆಂದು ದಖನಿ ಸರದಾರರು ಬೀದರಿಗೆ ಬರೆದರು. ಸುಲ್ತಾನ ವಿಚಾರಣೆಯಿಲ್ಲದೆ ಅಪ್ಪಣೆ ಕೊಟ್ಟ. ಕೋಟೆಗೆ ಮುತ್ತಿಗೆ ಹಾಕಿ, ಕೊನೆಗೆ ಅಭಯದ ಮಾತು ಕೊಟ್ಟು, ಔತಣಕ್ಕೆ ಕರೆದು, ಅಲ್ಲಿಯೇ ಅವರನ್ನು ಕೊಂದರು. ಪಾರಾಗಿ ಹೋದ ಕೆಲವರಿಂದ ನಿಜ ತಿಳಿದಾಗ ಸುಲ್ತಾನ ದಖನಿ ನಾಯಕರನ್ನು ಶಿಕ್ಷಿಸಿದ. ತಕ್ಕಡಿಯ ತಟ್ಟೆ ಮತ್ತೆ ಇನ್ನೊಂದು ಕಡೆಗೆ ವಾಲಿತು.

ಈ ವೃತ್ತಾಂತವನ್ನು ವಿವರವಾಗಿ ಬರೆದಿಟ್ಟವನು ವಿಜಾಪುರದಲ್ಲಿದ್ದ ಇತಿಹಾಸಕಾರ ಫಿರಿಶ್ತಾ. ಅವನೂ ಇರಾನಿನಿಂದ ಬಂದ ಅಫಾಕಿಯೇ. ಘಟನೆ ನಡೆದು ಒಂದೂವರೆ ಶತಮಾನದ ಬಳಿಕ ಬರೆದವನು. ಆದುದರಿಂದ ಅವನು ಕೊಡುವ ಸಾವಿರಾರು ಸಾವುಗಳ ಸಂಖ್ಯೆಯನ್ನು ಎಚ್ಚರದಿಂದ ಓದಬೇಕು. ಬಾಗ್ದಾದ್, ಬೇರೂತ್, ಸನಾಗಳಿಂದ ಬರುವ ಅಂಕಿಗಳನ್ನು ಓದುವಾಗಲೂ ಇದೇ ಎಚ್ಚರ ಬೇಕು.

ಗವಾನನ ಯತ್ನ

ರೋಗದ ಮೂಲವನ್ನು ಅರಿತವನು ಮಂತ್ರಿ ಮಹಮೂದ್ ಗವಾನ್. ತಾನು ಅಫಾಕಿಯಾಗಿದ್ದೂ ಎರಡು ಬಣಗಳಿಗೂ ಸಮನಾಗಿ ಪದವಿ ಹಂಚಿದ. ನಾಲ್ಕು ದೊಡ್ಡ ಪ್ರಾಂತಗಳನ್ನು ಎಂಟಾಗಿ ಒಡೆದ. ಪ್ರಾಂತಾಧಿಪತಿಯ ಕೈಯಲ್ಲಿ ಒಂದೇ ಕೋಟೆಯನ್ನು ಬಿಟ್ಟು ಉಳಿದವುಗಳಿಗೆ ಸುಲ್ತಾನನೇ ಕಿಲ್ಲೇದಾರರನ್ನು ನೇಮಿಸುವಂತೆ ಮಾಡಿದ. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಆಯುಧವನ್ನು ಬಣಗಳ ಕೈಯಿಂದ ಬಿಡಿಸಿ ಸರ್ಕಾರದ ಕೈಗೆ ತರಲು ಯತ್ನಿಸಿದ. ಅಧಿಕಾರ ಕಳೆದುಕೊಂಡವರು ಖೋಟಾ ಪತ್ರವೊಂದನ್ನು ಸೃಷ್ಟಿಸಿ ಸುಲ್ತಾನನ ಮುಂದಿಟ್ಟರು. 1481ರ ಏಪ್ರಿಲ್ 5ರಂದು ಗವಾನನ ತಲೆ ಉರುಳಿತು. ಮುಂದಿನ ಹತ್ತೇ ವರ್ಷಗಳಲ್ಲಿ ರಾಜ್ಯ ಒಡೆಯತೊಡಗಿ, ಕೊನೆಗೆ ಐದು ಹೋಳಾಯಿತು.

ಜಗಳ ವಿಜಾಪುರಕ್ಕೂ ಹರಿದು ಬಂತು. ಯೂಸುಫ್ ಆದಿಲ್ ಶಹಾ ಶಿಯಾ ಪಂಥವನ್ನು ರಾಜ್ಯದ ಪಂಥವೆಂದು ಸಾರಿದ. 1534ರಲ್ಲಿ ಪಟ್ಟಕ್ಕೆ ಬಂದ ಒಂದನೆಯ ಇಬ್ರಾಹಿಂ ಅದನ್ನು ಬದಲಿಸಿ, ಬಹುಪಾಲು ಅಫಾಕಿ ಸೈನಿಕರನ್ನು ಕೆಲಸದಿಂದ ತೆಗೆದ. ಅವರಲ್ಲಿ ಅನೇಕರು ವಿಜಯನಗರದ ರಾಮರಾಯನ ಸೇವೆಗೆ ಸೇರಿದರು. ಶಿಯಾ ಸೈನಿಕನೊಬ್ಬ ಸುನ್ನಿ ಸುಲ್ತಾನನನ್ನು ಬಿಟ್ಟು ಹಿಂದೂ ಅರಸನ ಕೈಕೆಳಗೆ ದುಡಿದನೆಂದರೆ, ಪಂಥದ ಹೆಸರಿಗಿಂತ ಅನ್ನದ ಋಣ ದೊಡ್ಡದೆಂದು ತಿಳಿಯಬೇಕು.

ನಮಗಿರುವ ಪಾಠ

ಬೀದರ್, ಬೇರೂತ್, ಬಾಗ್ದಾದ್‌ಗಳ ಕಾಲ ಬೇರೆ, ಜನ ಬೇರೆ. ಎಲ್ಲವೂ ಒಂದೇ ಎಂದು ಹೇಳುವುದು ಅವಿವೇಕ. ಆದರೂ ಕ್ರಮವೊಂದು ಸ್ಪಷ್ಟವಾಗಿದೆ. ಮೊದಲು ಒಂದು ಜನವರ್ಗಕ್ಕೆ ನಿಜವಾದ ಭಯ ಅಥವಾ ಅನ್ಯಾಯ ಇರುತ್ತದೆ. ಸರ್ಕಾರ ರಕ್ಷಿಸುವುದಿಲ್ಲ. ಆಗ ಒಬ್ಬ ನಾಯಕ, ಒಬ್ಬ ಹೊರಗಿನ ಪೋಷಕ, ಒಂದು ಪವಿತ್ರ ಹೆಸರು ಕೂಡಿಬಂದು ಪಡೆಯೊಂದು ಹುಟ್ಟುತ್ತದೆ. ಆಪತ್ಕಾಲದಲ್ಲಿ ಅದು ರಕ್ಷಿಸುವುದೂ ಉಂಟು. ಆದರೆ ಆಪತ್ತು ಕಳೆದ ಮೇಲೂ ಅದು ಕರಗುವುದಿಲ್ಲ. ತನ್ನ ಉಳಿವಿಗಾಗಿ ಹೊಸ ಆಪತ್ತನ್ನು ಬಯಸುತ್ತದೆ. ಕೊನೆಗೆ ಅದರ ಬೆಲೆಯನ್ನು ಹೆಚ್ಚಾಗಿ ತೆರುವವರು ಅದು ಯಾರ ಹೆಸರಿನಲ್ಲಿ ಹುಟ್ಟಿತೋ ಅವರೇ.

ಇದು ಒಂದು ಧರ್ಮದ ಅಥವಾ ಒಂದು ಪ್ರದೇಶದ ದೋಷವೆಂದು ನಾವು ನಿಶ್ಚಿಂತರಾಗಿ ಕೂರುವಂತಿಲ್ಲ. ನಮ್ಮದೇ ಛತ್ತೀಸಗಡದಲ್ಲಿ ನಕ್ಸಲರನ್ನು ಎದುರಿಸಲು ‘ಸಲ್ವಾ ಜುಡೂಮ್’ ಹೆಸರಿನಲ್ಲಿ ಆದಿವಾಸಿ ಯುವಕರ ಕೈಗೆ ಕೋವಿ ಕೊಡಲಾಗಿತ್ತು. ವಿಶೇಷ ಪೊಲೀಸ್ ಅಧಿಕಾರಿ ಎಂಬ ಹೆಸರು, ತಿಂಗಳಿಗೆ 3,000 ರೂಪಾಯಿ ಗೌರವಧನ. ಹಳ್ಳಿಗಳು ಸುಟ್ಟವು, ಜನ ಊರು ಬಿಟ್ಟರು. 2011ರ ಜುಲೈ 5ರಂದು ಸರ್ವೋಚ್ಚ ನ್ಯಾಯಾಲಯ ಇದು ಸಂವಿಧಾನಬಾಹಿರವೆಂದು ತೀರ್ಪಿತ್ತು, ಆಯುಧಗಳನ್ನು ಹಿಂದಕ್ಕೆ ಪಡೆಯುವಂತೆ ಆಜ್ಞಾಪಿಸಿತು. ರಕ್ಷಣೆಯ ಹೊಣೆಯನ್ನು ಸರ್ಕಾರ ಹೊರಗುತ್ತಿಗೆಗೆ ಕೊಡಲಾಗದೆಂಬ ಈ ತತ್ತ್ವವನ್ನು ಹೇಳಬಲ್ಲ ನ್ಯಾಯಾಲಯ ನಮಗಿತ್ತು. ಬೀದರಿನಲ್ಲಿ ಗವಾನನಿಗೆ ಅಂಥ ಆಸರೆ ಇರಲಿಲ್ಲ.

ಇನ್ನೊಂದು ಮಾತು. 2015ರಲ್ಲಿ ಯೆಮನ್ ಹೊತ್ತಿ ಉರಿದಾಗ ‘ಆಪರೇಷನ್ ರಾಹತ್’ ಮೂಲಕ ನಮ್ಮ ನೌಕಾಪಡೆ ಮತ್ತು ವಿಮಾನಗಳು 4,600ಕ್ಕೂ ಹೆಚ್ಚು ಭಾರತೀಯರನ್ನು ಹೊರತಂದವು. 2025ರ ಜೂನ್‌ನಲ್ಲಿ ಇಸ್ರೇಲ್–ಇರಾನ್ ಕದನ ನಡೆದಾಗ ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ತಾಯಂದಿರು ನಿದ್ದೆಗೆಟ್ಟರು. ಶಿಯಾಗಳೇ ಬಹುಸಂಖ್ಯಾತರಾಗಿರುವ, ಹರಳು ಹೊಳಪಿಸುವ ಕಸಬಿಗೆ ಹೆಸರಾದ ಊರು ಅದು. ಅಲ್ಲಿಯ ವಿದ್ಯಾರ್ಥಿಗಳು ಇರಾನಿನಲ್ಲಿದ್ದರು. ಆ ತಾಯಂದಿರ ಆತಂಕಕ್ಕೂ ಕೊಲ್ಲಿ ದೇಶದಲ್ಲಿರುವ ಮಗನಿಗಾಗಿ ಕಾತರಿಸುವ ಪುಣೆಯ ತಾಯಿಯ ಆತಂಕಕ್ಕೂ ವ್ಯತ್ಯಾಸವಿಲ್ಲ. ದೂರದ ಪಡೆಯೊಂದರ ಹೆಸರನ್ನು ನೆರೆಮನೆಯವರ ಹಣೆಗೆ ಹಚ್ಚುವುದು ಚಾಕಣದ ಸರದಾರರು ಬೀದರಿಗೆ ಬರೆದ ಸುಳ್ಳು ಪತ್ರದಷ್ಟೇ ಅಪಾಯಕರ.

ಮುಂದೆ ಎಂದಾದರೂ ಚಾಕಣದ ದಾರಿಯಲ್ಲಿ ಹೋಗುವಾಗ, ಹೊಸ ವಾಹನಗಳನ್ನು ಹೊತ್ತ ಲಾರಿಗಳ ಸಾಲು ಕಂಡರೆ, ಪಕ್ಕದ ಹಾಳು ಕೋಟೆಯ ಗೋಡೆಯನ್ನೂ ಒಮ್ಮೆ ನೋಡಿ ಬರಬೇಕೆಂದು ಓದುಗರಲ್ಲಿ ವಿನಂತಿ. ವಿಚಾರಣೆಯಿಲ್ಲದೆ ಹೊರಟ ಒಂದು ಅಪ್ಪಣೆ, ತೂಗಿಸಲೆಂದು ಸಾಕಿದ ಎರಡು ಬಣಗಳು. ಒಂದು ರಾಜ್ಯದ ಅಳಿವಿಗೆ ಇಷ್ಟು ಸಾಕಾಯಿತು ಎಂಬುದಕ್ಕೆ ಆ ಗೋಡೆ ಇನ್ನೂ ಸಾಕ್ಷಿಯಾಗಿ ನಿಂತಿದೆ.